ಹುಳುಮನೆಯ ಬಾಗಿಲಿಗೆ ಕಟ್ಟಿದ ಕ್ಯಾಮೆರಾ

ಮೂರನೇ ರೇಷ್ಮೆ ಬೆಳೆಯೂ ಹಾಳಾದ ದಿನ ವೆಂಕಟರತ್ನಮ್ಮ ಸೊಸೆಯನ್ನು ಬೈಯಲಿಲ್ಲ. ಸತ್ತ ಹುಳವನ್ನು ಮಂಕರಿಗಟ್ಟಲೆ ತಿಪ್ಪೆಗೆ ಹೊತ್ತು ಹಾಕಿ ಬಂದಳು, ಕೈಕಾಲು ತೊಳೆದಳು, ಹೊಸಿಲ ಹತ್ತಿರ ನಿಂತು, "ಇನ್ನೊಂದು ಬೆಳೆ ನೋಡ್ತೀನಿ ಶಾಮಲಾ. ಅದೂ ಹಿಂಗೇ ಹೋದ್ರೆ ನೀನು ಮಾಲೂರಿಗೆ, ನಿಮ್ಮಣ್ಣನ ಮನೆಗೆ ಹೊರಟೋಗು. ಕರ್ಕೊಂಡು ಬರಕ್ಕೆ ಈ ಮನೆಯಿಂದ ಯಾರೂ ಬರಲ್ಲ," ಎಂದಳು. ಬೈದಿದ್ದರೆ ಶಾಮಲಮ್ಮ ಇಷ್ಟು ಹೆದರುತ್ತಿರಲಿಲ್ಲ.

ಅದು 1985ನೇ ಇಸವಿ. ವೆಂಕಟರತ್ನಮ್ಮನ ಗಂಡ, ಹೋಳೂರಿನ ಚನ್ನರಾಯಪ್ಪನ ಮನೆಯಲ್ಲಿ ಅರ್ಧ ಭಾಗ ಜನಕ್ಕೆ, ಇನ್ನರ್ಧ ಹುಳಕ್ಕೆ. ನಡುಮನೆಯಿಂದ ಒಂದು ಜೋಡಿ ಬಾಗಿಲು ದಾಟಿದರೆ ಹುಳುಮನೆ. ಬಿದಿರು ತಟ್ಟೆಗಳ ಸ್ಟ್ಯಾಂಡುಗಳು ಸೂರಿನವರೆಗೆ ನಿಂತಿದ್ದವು. ಮೂರು ಬೆಳೆಯೂ ಒಂದೇ ರೀತಿ ಕೈಕೊಟ್ಟಿದ್ದವು. ಹುಳ ಪೊರೆ ಬಿಡುವ ಮುಂಚೆ ಮೇವು ಮುಟ್ಟದೆ ತಲೆಯೆತ್ತಿ ನಿಲ್ಲುವುದನ್ನು ಈ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಸಲೀಸಾಗಿ ಏಳುತ್ತಿದ್ದ ಹುಳ, ಕೊನೆಯ ಹಂತದಲ್ಲಿ ಗಬಗಬ ಹಿಪ್ಪುನೇರಳೆ ಸೊಪ್ಪು ತಿನ್ನುತ್ತಿರುವಾಗ, ಒಂದು ಸಂಜೆ ಇದ್ದಕ್ಕಿದ್ದಂತೆ ಹಸಿರು ಕಕ್ಕಿ, ಮೈ ತಿರುಚಿಕೊಂಡು ಬೀಳುತ್ತಿತ್ತು. ಸಾವು ಪ್ರತಿ ಸಲವೂ ಬಾಗಿಲ ಪಕ್ಕದ ಸ್ಟ್ಯಾಂಡಿನಿಂದಲೇ ಶುರುವಾಗುತ್ತಿತ್ತು.

ರೇಷ್ಮೆ ಇಲಾಖೆಯವರು ಬಂದು ನೋಡಿದ್ದರು. "ಇದು ಹಾಲು ರೋಗ ಅಲ್ಲ, ಸಪ್ಪೆ ರೋಗಾನೂ ಅಲ್ಲ. ಯಾವುದೋ ವಿಷ ಸೋಕಿದೆ. ಸೊಪ್ಪಿಗೆ ಔಷಧಿ ಹೊಡೆದಿದ್ರಾ?" ಎಂದು ಕೇಳಿದರು. ಹೊಡೆದಿರಲಿಲ್ಲ. ಅದೇ ಸೊಪ್ಪು ತಿಂದ ಒಳಗಿನ ಸ್ಟ್ಯಾಂಡುಗಳ ಹುಳ ಎರಡು ದಿನ ಚೆನ್ನಾಗಿಯೇ ಇರುತ್ತಿತ್ತು.

ವಿಷ ಎಂಬ ಮಾತು ಬಿದ್ದಿದ್ದೇ ತಡ, ವೆಂಕಟರತ್ನಮ್ಮನ ಕಣ್ಣು ಸೊಸೆಯ ಮೇಲೆ ನೆಟ್ಟಿತು. ಮದುವೆಯಾದ ಹೊಸದರಲ್ಲಿ ಶಾಮಲಮ್ಮ ಗಂಡನಿಗೆ, ಮಾಲೂರಿನಲ್ಲಿ ಬೇರೆ ಮನೆ ಮಾಡೋಣ, ಅಣ್ಣನ ಫೋಟೋ ಸ್ಟುಡಿಯೋ ಪಕ್ಕ ಅಂಗಡಿ ಇಟ್ಟರಾಯಿತು ಎಂದು ಒಂದು ಸಲ ಹೇಳಿದ್ದಳು. ಆ ಒಂದು ಮಾತು ಅತ್ತೆಯ ಕಿವಿಗೆ ಬಿದ್ದಿತ್ತು. ಬೆಳೆ ಹಾಳಾದರೆ ಮಗ ಬೇಸತ್ತು ಮನೆ ಬಿಡುತ್ತಾನೆ, ಅದಕ್ಕೇ ಇವಳು ಏನೋ ಹಾಕುತ್ತಿದ್ದಾಳೆ ಎಂಬುದು ಅವಳ ಲೆಕ್ಕಾಚಾರ. ಗಂಡ ಕೋದಂಡರಾಮಪ್ಪ ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ರಾತ್ರಿ ಗೋಡೆ ಕಡೆ ತಿರುಗಿ ಮಲಗತೊಡಗಿದ.

ಅವಳ ಪರ ಮಾತಾಡಿದವಳು ಒಬ್ಬಳೇ. ಅದು ಚನ್ನರಾಯಪ್ಪನ ತಾಯಿ, ಕದಿರಮ್ಮಜ್ಜಿ. ಎಂಬತ್ತರ ಹತ್ತಿರದ ಮುದುಕಿ, ಕಿವಿ ಮಂದ, ಹುಳದ ಕೆಲಸ ಬಿಟ್ಟು ವರ್ಷಗಳೇ ಆಗಿದ್ದವು. ಜಗಲಿಯ ಮೇಲೆ ಕೂತು ಎಲೆಯಡಿಕೆ ಕುಟ್ಟಿ, ಹೊಗೆಸೊಪ್ಪಿನ ಜೊತೆ ದವಡೆಗೆ ಒತ್ತಿಕೊಳ್ಳುವುದೇ ಅವಳ ಹಗಲು. "ಆ ಹುಡುಗಿ ಯಾಕೆ ಹಾಕ್ತಾಳೆ ವಿಷ? ಇದು ದಿಷ್ಟಿ ಕಣೇ, ವೆಂಕಟರತ್ನಾ. ಊರೋರ ಕಣ್ಣು ಸುಮ್ನೆ ಇರುತ್ತಾ?" ಎಂದು ತನ್ನ ಸೊಸೆಯ ಮೇಲೆ ರೇಗುತ್ತಿದ್ದಳು. ಶಾಮಲಮ್ಮ ಅಳುವುದು ಕಂಡರೆ ಸೆರಗಿನಲ್ಲಿ ಅವಳ ಮುಖ ಒರೆಸಿ, "ಏಡವದ್ದು, ನಾ ತಲ್ಲಿ. ಅಳಬ್ಯಾಡ, ನನ್ನ ತಾಯಿ. ನಾನಿರೋ ತನಕ ನಿನ್ನ ಯಾರು ಕಳಿಸ್ತಾರೆ ನೋಡ್ತೀನಿ," ಎನ್ನುತ್ತಿದ್ದಳು.

ಕಳಿಸಿದರೆ ಶಾಮಲಮ್ಮನಿಗೆ ಹೋಗಲು ಜಾಗವಿರಲಿಲ್ಲ. ತಂದೆ ತಾಯಿ ಇಲ್ಲ. ಅಣ್ಣ ರಾಮಚಂದ್ರಪ್ಪನ ಮನೆಯೆಂದರೆ ಸ್ಟುಡಿಯೋ ಹಿಂದಿನ ಒಂದು ಕೋಣೆ. ಅದರಲ್ಲಿ ಅವನು, ಹೆಂಡತಿ, ಮೂರು ಮಕ್ಕಳು. ಮನೆಗೆ ವಿಷ ಹಾಕಿದವಳು ಎಂಬ ಹೆಸರು ಹೊತ್ತು ಹೋದರೆ ಅತ್ತಿಗೆ ಬಾಗಿಲು ತೆಗೆಯುವುದೂ ಅನುಮಾನ.

ಯಾರೋ ಒಳಗೆ ಹೋಗುತ್ತಿದ್ದಾರೆ. ಅಷ್ಟು ಮಾತ್ರ ಅವಳಿಗೆ ಖಚಿತವಿತ್ತು. ಮಧ್ಯಾಹ್ನದ ಮೇವು ಕೊಟ್ಟ ಮೇಲೆ ಎಲ್ಲರೂ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗುತ್ತಾರೆ. ಸಂಜೆವರೆಗೆ ಹುಳುಮನೆಗೆ ಬರೀ ಚಿಲಕ. ಬೀಗ ಹಾಕುವ ಪದ್ಧತಿ ಆ ಕಡೆ ಇಲ್ಲ. ಹುಳಕ್ಕೆ ಬೀಗ ಹಾಕಿದರೆ ಲಕ್ಷ್ಮಿಗೆ ಬೀಗ ಹಾಕಿದಂತೆ ಎಂದು ಚನ್ನರಾಯಪ್ಪನೇ ಬಿಡುತ್ತಿರಲಿಲ್ಲ. ಕಾವಲು ಕೂರೋಣವೆಂದರೆ ಅನುಮಾನ ಇರುವುದೇ ಅವಳ ಮೇಲೆ. ಅವಳನ್ನು ಒಂಟಿಯಾಗಿ ಮನೆಯಲ್ಲಿ ಬಿಡದೆ ಅತ್ತೆ ತೋಟಕ್ಕೆ ಕರೆದೊಯ್ಯುತ್ತಿದ್ದಳು. ಕಣ್ಣಾರೆ ಕಂಡೆ ಎಂದು ನಾಳೆ ಹೇಳಿದರೂ ಯಾರು ನಂಬುತ್ತಾರೆ?

ಆಗ ಅವಳಿಗೆ ತನ್ನ ಮದುವೆಯ ಫೋಟೋ ನೆನಪಾಯಿತು. ಅಣ್ಣ ಕ್ಯಾಮೆರಾವನ್ನು ಕಾಲುಮಣೆಯ ಮೇಲಿಟ್ಟು, ಏನನ್ನೋ ಒತ್ತಿ, ಪಂಚೆ ಎತ್ತಿಕೊಂಡು ಓಡಿ ಬಂದು ಎಲ್ಲರ ಜೊತೆ ನಿಂತಿದ್ದ. ಅದು ಜುರ್ರೆಂದು ಸದ್ದು ಮಾಡಿ ತನ್ನಷ್ಟಕ್ಕೆ ತಾನೇ ಫೋಟೋ ಹಿಡಿದಿತ್ತು.

ಮನೆಯವರೆಲ್ಲ ಮುಳಬಾಗಿಲಿನ ನೆಂಟರ ಮದುವೆಗೆ ಹೊರಟ ದಿನ ಅವಳು ಅಣ್ಣನನ್ನು ಕರೆಸಿದಳು. ಹುಳುಮನೆಯನ್ನು ತೊಳೆದು ಔಷಧಿ ಹೊಡೆದು ಮುಂದಿನ ಬೆಳೆಗೆ ಸಿದ್ಧ ಮಾಡುವ ಹೊಣೆ ಅವಳದಾಗಿತ್ತು. ಅಜ್ಜಿ ಜಗಲಿಯಲ್ಲಿದ್ದಳು.

"ಏನಕ್ಕಪ್ಪಾ ಬಂದೆ?" ಎಂದು ಅಜ್ಜಿ ಕೇಳಿದಳು.

"ಊಜಿ ನೊಣಕ್ಕೆ ಪರದೆ ಕಟ್ಟಕ್ಕೆ, ಅಜ್ಜಿ!" ಎಂದು ರಾಮಚಂದ್ರಪ್ಪ ಕಿವಿಯ ಹತ್ತಿರ ಕೂಗಿದ. ಅದು ಪೂರ್ತಿ ಸುಳ್ಳಲ್ಲ. ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಆ ನೊಣ ಜಿಲ್ಲೆಗೆ ಕಾಲಿಟ್ಟು ಐದಾರು ವರ್ಷವಾಗಿತ್ತು. ಕಿಟಕಿಗೆ ಪರದೆ ಕಟ್ಟಿ ಎಂದು ಇಲಾಖೆಯವರೇ ಹೇಳಿದ್ದರು.

ಒಳಗೆ ಬಂದ ರಾಮಚಂದ್ರಪ್ಪ ಸುತ್ತ ನೋಡಿ ತಲೆ ಅಲ್ಲಾಡಿಸಿದ. "ಏನಮ್ಮೀ ಇದು, ಸಿನಿಮಾ ಟಾಕೀಸಿನ ಹಂಗೆ ಕತ್ಲು. ಇಲ್ಲಿ ಫೋಟೋ ಹಿಡಿದ್ರೆ ಕರಿ ಬೆಕ್ಕಿನ ಬೆನ್ನು ಕಾಣುತ್ತೆ ಅಷ್ಟೇ."

"ಬೆಳಕು ಹೊಡೆಯೋದು ಐತಲ್ಲ?"

"ಫ್ಲಾಷಾ? ಬಂದೋನು ಪಿಶಾಚಿ ಕಂಡೋನ ಹಂಗೆ ಓಡಿಹೋಗ್ತಾನೆ. ಆಮೇಲೆ ಕ್ಯಾಮೆರಾ ಹುಡುಕಿ ಕಲ್ಲಲ್ಲಿ ಜಜ್ಜುತಾನೆ. ನಿಮ್ಮಪ್ಪ ಬಂದು ಕೊಡಿಸ್ತಾನಾ ನಂಗೆ ಹೊಸದು?"

"ನಮ್ಮಪ್ಪ ನಿಂಗೇನೂ ಆಗ್ಬೇಕಾಗಿಲ್ವಾ?"

ಇಬ್ಬರೂ ಒಂದು ಗಳಿಗೆ ನಕ್ಕರು. ಶಾಮಲಮ್ಮನಿಗೆ ನಗು ಅರ್ಧಕ್ಕೇ ನಿಂತಿತು. "ಅಣ್ಣಾ, ನಂಗೆ ಇದೊಂದೇ ದಾರಿ ಇರೋದು," ಎಂದಳು.

ಕಿಟಕಿಯ ಗೋಣಿತಾಟನ್ನು ಕಿತ್ತು ತೆಳುವಾದ ಬಿಳಿ ಪರದೆ ಬಟ್ಟೆ ಬಿಗಿದರು. ನೊಣವೂ ಬಾರದು, ಬಾಗಿಲ ಪಕ್ಕದ ಸ್ಟ್ಯಾಂಡಿನ ಮೇಲೆ ಒಂದಿಷ್ಟು ಬೆಳಕೂ ಬೀಳುವುದು. ಮಂದ ಬೆಳಕಿಗೆಂದೇ ಅವನು ವೇಗದ ಫಿಲಂ ತಂದಿದ್ದ. ಎದುರು ಗೋಡೆಯ ಅಟ್ಟದ ಮೇಲೆ ಹಳೇ ತಟ್ಟೆಗಳ ರಾಶಿಯಿತ್ತು. ಅದರ ನಡುವೆ ಕ್ಯಾಮೆರಾ ಇಟ್ಟು, ಒಂದು ತಟ್ಟೆಯ ಹೆಣಿಗೆಯಲ್ಲಿ ಕಣ್ಣಿನಷ್ಟು ತೂತು ಮಾಡಿ ಅದನ್ನು ಮುಂದಕ್ಕೆ ನಿಲ್ಲಿಸಿದ. ಕ್ಯಾಮೆರಾ ಕದಲದಂತೆ ಕೆಳಗೆ ಇಟ್ಟಿಗೆ ಚೂರು ಕೊಟ್ಟು ಹಗ್ಗದಿಂದ ಕಟ್ಟಿದ. ಸ್ಟ್ಯಾಂಡಿಗೆ ಎಷ್ಟು ದೂರವೆಂದು ಅಳತೆ ಪಟ್ಟಿ ಹಿಡಿದು ನೋಡಿ ಲೆನ್ಸ್ ತಿರುಗಿಸಿ, ಅದು ಸರಿಯದಂತೆ ಅಂಟುಪಟ್ಟಿ ಸುತ್ತಿದ.

ಕಷ್ಟವಾದದ್ದು ದಾರ. ಬಾಗಿಲು ತೆರೆದಾಗ ದಾರ ಎಳೆಯಬೇಕು, ದಾರ ಸೈಕಲ್ ಕಡ್ಡಿಯ ಸನ್ನೆಯನ್ನು ಎಳೆಯಬೇಕು, ಸನ್ನೆ ಕ್ಯಾಮೆರಾದ ಗುಂಡಿಯನ್ನು ಒತ್ತಬೇಕು. ಹೊಲಿಗೆ ದಾರ ಎರಡು ಸಲ ತುಂಡಾಯಿತು. ತಂತಿ ಕಟ್ಟಿದರೆ ಬೆಳಕಿಗೆ ಹೊಳೆಯಿತು. ಕೊನೆಗೆ ಶಾಮಲಮ್ಮ ಚಿಟ್ಟೆ ತೂತು ಮಾಡಿದ ಗೂಡುಗಳಿಂದ ನೂತಿಟ್ಟಿದ್ದ ರೇಷ್ಮೆ ಎಳೆ ತಂದು ಹುರಿಮಾಡಿದಳು. ಅದು ಗಟ್ಟಿಯಾಗಿ ನಿಂತಿತು. ಹುಳುಮನೆಯಲ್ಲಿ ರೇಷ್ಮೆ ಎಳೆ ಕಂಡರೂ ಯಾರೂ ಎರಡನೇ ಸಲ ನೋಡುವುದಿಲ್ಲ. ಬಾಗಿಲು ತೆರೆದೊಡನೆ ಹಿಡಿದರೆ ಬರೀ ಬಾಗಿಲ ಫೋಟೋ ಬರುತ್ತದೆ. ಅದಕ್ಕೇ ಮದುವೆಯಲ್ಲಿ ಸದ್ದು ಮಾಡಿದ ಆ ಸ್ಪ್ರಿಂಗು ಬೇಕಾಗಿತ್ತು. ಅದು ಮೆಲ್ಲನೆ ಬಿಚ್ಚಿಕೊಂಡು ಮುಗಿದ ಮೇಲೆಯೇ ಫೋಟೋ. ಅಷ್ಟರಲ್ಲಿ ಬಂದವರು ತಟ್ಟೆಯ ಮುಂದೆ ನಿಂತಿರುತ್ತಾರೆ.

"ಸದ್ದು?" ಎಂದಳು ಶಾಮಲಮ್ಮ.

"ಕೊನೇ ಹಂತದಲ್ಲಿ ಹುಳ ಮೇಯೋ ಸದ್ದು ಮಳೆ ಬಂದಂಗಿರುತ್ತೆ ಅಂತ ನೀನೇ ಅಲ್ವಾ ಹೇಳ್ತಿದ್ದೆ? ಅದ್ರಲ್ಲಿ ಮುಚ್ಚಿಹೋಗುತ್ತೆ ಬಿಡು."

ಒಂದು ಸಲ ಎಳೆದರೆ ಒಂದೇ ಫೋಟೋ. ಮತ್ತೆ ಕೈಯಿಂದ ಸುತ್ತಿ ಸಜ್ಜು ಮಾಡಬೇಕು. ಅವನು ಅವಳಿಗೆ ಅದನ್ನು ಕಣ್ಣು ಮುಚ್ಚಿಯೂ ಮಾಡುವಷ್ಟು ಸಲ ಮಾಡಿಸಿ, ಬೆಳೆಯ ಕೊನೆಗೆ ಬರುತ್ತೇನೆಂದು ಹೇಳಿ ಹೋದ.

ಹೊಸ ಹುಳ ಬಂದವು. ಮೊದಲ ಜ್ವರ, ಎರಡನೆಯದು, ಮೂರನೆಯದು. ನಾಲ್ಕನೆಯದರಿಂದ ಎದ್ದ ದಿನದಿಂದ ಶಾಮಲಮ್ಮ ಮಧ್ಯಾಹ್ನದ ಮೇವಿನ ನಂತರ ಎಲ್ಲರಿಗಿಂತ ಹಿಂದೆ ಉಳಿದು, ಅಟ್ಟಕ್ಕೆ ಕೈ ಹಾಕಿ ಕ್ಯಾಮೆರಾ ಸಜ್ಜು ಮಾಡಿ, ಬಾಗಿಲ ಸಂದಿನಲ್ಲಿ ಕೈ ತೂರಿಸಿ ದಾರದ ಕುಣಿಕೆಯನ್ನು ಒಳಗಿನ ಮೊಳೆಗೆ ಸಿಕ್ಕಿಸಿ, ಚಿಲಕ ಹಾಕಿ ಬರುತ್ತಿದ್ದಳು. "ಏನೇ ಒಳಗೆ ಅಷ್ಟೊತ್ತು?" ಎಂದು ಅತ್ತೆ ಅಂಗಳದಿಂದ ಕೂಗುತ್ತಿದ್ದಳು. ತೋಟದಲ್ಲಿ ಸೊಪ್ಪು ಕೊಯ್ಯುತ್ತ, ಯಾರೂ ಬಾರದಿರಲಿ, ಬೆಳೆ ಉಳಿಯಲಿ ಎಂದು ಒಮ್ಮೆ ಬೇಡಿಕೊಳ್ಳುವಳು. ಬರಲಿ, ಸಿಕ್ಕಿಬೀಳಲಿ ಎಂದು ಇನ್ನೊಮ್ಮೆ. ಸಂಜೆ ಬಂದು, ಅದೇ ಸಂದಿನಲ್ಲಿ ಕುಣಿಕೆ ಬಿಡಿಸಿ ಒಳಗೆ ಹೋಗಿ ನೋಡಿದರೆ ಒಂದು ದಿನ ಸ್ಪ್ರಿಂಗು ಹಾಗೇ ಇತ್ತು. ಇನ್ನೊಂದು ದಿನ ತೋಟದಿಂದ ಬೇಗ ಬಂದ ಗಂಡನೇ ಬಾಗಿಲು ತೆಗೆದಿದ್ದ. ಮತ್ತೊಂದು ದಿನ ಸ್ಪ್ರಿಂಗು ಬಿಚ್ಚಿಕೊಂಡಿತ್ತು, ಮನೆಯವರೆಲ್ಲ ತೋಟದಲ್ಲಿದ್ದರು.

ಬಾಗಿಲ ಪಕ್ಕದ ತಟ್ಟೆಗಳಲ್ಲಿ ಹುಳ ಆಗಲೇ ಹಸಿರು ಕಕ್ಕುತ್ತಿದ್ದವು.

ವೆಂಕಟರತ್ನಮ್ಮ ಈ ಸಲವೂ ಬೈಯಲಿಲ್ಲ. ಮಾರನೆ ಬೆಳಿಗ್ಗೆ ಶಾಮಲಮ್ಮನ ಸೀರೆಗಳನ್ನು ಒಂದು ದುಪ್ಪಟಿಯಲ್ಲಿ ಗಂಟು ಕಟ್ಟಿ ಜಗಲಿಯ ಮೇಲೆ ಇಟ್ಟಳು. ಹೇಳಿದ್ದಂತೆ ರಾಮಚಂದ್ರಪ್ಪ ಬಸ್ಸಿಳಿದು ಬಂದಾಗ ಅವನ ಕಣ್ಣಿಗೆ ಮೊದಲು ಬಿದ್ದದ್ದು ಆ ಗಂಟು.

"ಒಳ್ಳೇ ಟೈಮಿಗೇ ಬಂದವ್ನೆ ನಿಮ್ಮಣ್ಣ. ಕರ್ಕೊಂಡು ಹೋಗ್ಲಿ," ಎಂದಳು ಅತ್ತೆ.

"ಕೋಲಾರದಲ್ಲಿ ಒಂದು ಕೆಲಸ ಐತೆ ಅಮ್ಮ. ಮುಗಿಸ್ಕೊಂಡು ಮಧ್ಯಾಹ್ನದ ಬಸ್ಸಿಗೆ ಬಂದು ಕರ್ಕೊಂಡು ಹೋಗ್ತೀನಿ," ಎಂದ ರಾಮಚಂದ್ರಪ್ಪ. ಶಾಮಲಮ್ಮ ನೀರು ಕೊಡುವ ನೆಪದಲ್ಲಿ ಕ್ಯಾಮೆರಾವನ್ನು ಅವನ ಚೀಲಕ್ಕೆ ಇಳಿಸಿದಳು. ಕೋಲಾರದಲ್ಲಿ ಅವನ ಗೆಳೆಯನ ಸ್ಟುಡಿಯೋ ಇತ್ತು.

ಆ ಅರ್ಧ ದಿನ ಅವಳು ಗಂಟಿನ ಪಕ್ಕ ಕೂತಿದ್ದಳು. ಒಳಗೆ ಮಾವ ಸತ್ತ ಹುಳವನ್ನು ಆರಿಸುತ್ತಿದ್ದ. ಗಂಡ ಮುಂದೆ ಎರಡು ಸಲ ಹಾದುಹೋದ, ನಿಲ್ಲಲಿಲ್ಲ. ಅಜ್ಜಿ ಮಾತ್ರ ಬಂದು ತಲೆ ಸವರಿ, "ಈ ದಿಷ್ಟಿ ಬಲು ಗಟ್ಟಿ ಐತಮ್ಮಾ," ಎಂದು ನಿಟ್ಟುಸಿರು ಬಿಟ್ಟಳು.

ರಾಮಚಂದ್ರಪ್ಪ ಬಂದವನು ಊರ ಮುಂದಿನ ಹುಣಸೆ ಮರದ ಹತ್ತಿರಕ್ಕೇ ಅವಳನ್ನು ಕರೆದು, ಪೇಪರಿನಲ್ಲಿ ಸುತ್ತಿದ್ದ ಪ್ರಿಂಟು ಬಿಚ್ಚಿದ. ಇನ್ನೂ ಒದ್ದೆಯಿತ್ತು. ಕೊಂಚ ಮಸುಕು, ಆದರೆ ತಪ್ಪು ತಿಳಿಯುವಂತಿರಲಿಲ್ಲ. ಬಾಗಿಲ ಪಕ್ಕದ ಸ್ಟ್ಯಾಂಡಿನ ಮುಂದೆ ಕದಿರಮ್ಮಜ್ಜಿ ಬಾಗಿ ನಿಂತಿದ್ದಳು. ಒಂದು ಕೈ ತಟ್ಟೆಯ ಮೇಲೆ ನಿವಾಳಿಸುತ್ತಿತ್ತು. ದವಡೆ ಉಬ್ಬಿತ್ತು. ಥೂ ಎನ್ನುವಂತೆ ತುಟಿ ಮುಂದೆ ಬಂದಿತ್ತು.

ಮಗುವಿಗೂ ಕರುವಿಗೂ ದಿಷ್ಟಿಯಾದರೆ ಅಜ್ಜಿ ಹೀಗೇ ಮೂರು ಸಲ ಥೂ ಥೂ ಎಂದು ಉಗಿದು ತೆಗೆಯುತ್ತಿದ್ದಳು. ಯಾರೂ ನೋಡದಾಗ ತೆಗೆದರೇ ಅದು ಹೋಗುವುದು ಎಂಬುದು ಎಲ್ಲರಿಗೂ ಗೊತ್ತಿದ್ದ ನೇಮ. ಹೊಗೆಸೊಪ್ಪು ಹುಳಕ್ಕೆ ವಿಷ ಎಂಬುದೂ ಎಲ್ಲರಿಗೂ ಗೊತ್ತಿತ್ತು. ಬೀಡಿ ಸೇದಿದವನು ಸೋಪು ಹಾಕಿ ಕೈ ತೊಳೆಯದೆ ಹುಳುಮನೆಗೆ ಕಾಲಿಡುವಂತಿರಲಿಲ್ಲ. ಇವೆರಡನ್ನು ಆ ಮನೆಯಲ್ಲಿ ಯಾರೂ ಒಟ್ಟಿಗೆ ಇಟ್ಟು ಯೋಚಿಸಿರಲಿಲ್ಲ.

ಶಾಮಲಮ್ಮ ಪ್ರಿಂಟನ್ನು ಮತ್ತೆ ಪೇಪರಿನಲ್ಲಿ ಸುತ್ತಿದಳು. ಮೊದಲ ಸಲ ಬೆಳೆಗೆ ಕಣ್ಣು ಬೀಳದಿರಲೆಂದು, ಆಮೇಲೆ ಶಾಮಲಮ್ಮನನ್ನು ಕಳಿಸದಿರಲೆಂದು ಅಜ್ಜಿ ಹೋಗಿ ಉಗಿದಳು. ಹುಳ ಸತ್ತಷ್ಟೂ ಇನ್ನಷ್ಟು ಉಗಿದಳು.

"ತೋರಿಸ್ತೀಯಾ?" ಎಂದ ಅಣ್ಣ.

"ತೋರಿಸಿದ್ರೆ ಅಜ್ಜಿ ಗತಿ ಏನು?"

"ತೋರಿಸದಿದ್ರೆ ನಿನ್ನ ಗತಿ ಏನು ಅಂತ ಜಗಲಿ ಮ್ಯಾಲೆ ಐತಲ್ಲ." ಅವನು ದನಿ ತಗ್ಗಿಸಿದ. "ನಮ್ಮನೇಲಿ ಜಾಗ ಇಲ್ಲ ಅಂತ ನಾನು ಹೇಳ್ಬಾರ್ದು ಕಣಮ್ಮಿ. ಆದ್ರೆ ಇಲ್ಲ."

ಅವಳು ನೇರ ಮಾವನ ಹತ್ತಿರ ಹೋದಳು. ಚನ್ನರಾಯಪ್ಪ ಪ್ರಿಂಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ವೆಂಕಟರತ್ನಮ್ಮ ಅವನ ಭುಜದ ಮೇಲಿಂದ ಇಣುಕಿದಳು, ಮುಖ ಕೆಂಪಾಯಿತು.

"ಮೇಯೋ ಹುಳಕ್ಕೆ ಫೋಟೋ ಹಿಡಿಸಿದ್ಯೇನೇ? ಕೂಸಿಗೇ ಹಿಡಿಸಲ್ಲ ಹಲ್ಲು ಬರೋ ತನಕ! ಊರೋರ ಕಣ್ಣು ಸಾಲದು ಅಂತ ಈ ಗಾಜಿನ ಕಣ್ಣು ಬೇರೆ ತಂದು ಇಟ್ಟವ್ಳೆ. ನೋಡ್ರೀ, ಅತ್ತೆ ಪಾಪ ದಿಷ್ಟಿ ತೆಗೀತಾ ಅವ್ರೆ, ಅಂಥ ಕೈ ತೆಗೆದ್ರೂ ಹೋಗ್ಲಿಲ್ಲ ಅಂದ್ರೆ ಇವಳದು ಎಂಥ ಕಣ್ಣಿರಬೇಕು!"

ಇದೊಂದೇ ದಾರಿ ಎಂದುಕೊಂಡದ್ದು ಶಾಮಲಮ್ಮನ ಕೊರಳಿಗೇ ಸುತ್ತಿಕೊಂಡಿತ್ತು. ಗಂಡನ ಕಡೆ ನೋಡಿದಳು. ಅವನು ಪ್ರಿಂಟಿನ ಕಡೆ ನೋಡುತ್ತಿದ್ದ.

"ಮಾವಾ, ಆ ದವಡೆ ನೋಡಿ. ಹೊಗೆಸೊಪ್ಪು," ಎಂದಳು. "ಅದ್ರ ಉಗುಳು ಬಿದ್ದೈತೆ ಹುಳದ ಮ್ಯಾಲೆ. ನಿಮ್ಮ ಕಾಲಿಗೆ ಬೀಳ್ತೀನಿ, ನೋಡಿ."

"ಎರಡು ಹನಿ ಉಗುಳಿಗೆ ಬೆಳೆ ಹೋಗುತ್ತಾ? ನಮ್ಮತ್ತೆ ಮೇಲೆ ಹಾಕ್ತಾಳಲ್ಲ, ಇವಳ ಬಾಯಿ—"

"ಸುಮ್ನಿರೇ," ಎಂದ ಚನ್ನರಾಯಪ್ಪ. ಅವನು ಪ್ರಿಂಟನ್ನು ಸೊಸೆಯ ಕೈಗೆ ಕೊಟ್ಟು ಹುಳುಮನೆಯೊಳಗೆ ಹೋಗಿ, ಗೋಡೆಯಂಚಿನ ಸ್ಟ್ಯಾಂಡಿನಿಂದ ಗಟ್ಟಿ ಹುಳ ಒಂದು ಹಿಡಿ ಆರಿಸಿ, ಬೇರೆ ತಟ್ಟೆಯಲ್ಲಿ ಹೊಸ ಸೊಪ್ಪಿನ ಮೇಲೆ ಬಿಟ್ಟು ನಡುಮನೆಗೆ ತಂದಿಟ್ಟ. ಹುಳ ಕೂಡಲೇ ಮೇಯತೊಡಗಿದವು. "ಅಮ್ಮನ್ನ ಕರಿ," ಎಂದು ಸೊಸೆಗೆ ಹೇಳಿದ.

ಅಜ್ಜಿ ಬಂದಳು. ಶಾಮಲಮ್ಮನ ಕೈಯಲ್ಲಿದ್ದ ಪ್ರಿಂಟು ಕಂಡು ಈಸಿಕೊಂಡು ಕಣ್ಣ ಹತ್ತಿರ ಹಿಡಿದಳು. "ಇದು ಯಾರೇ? ನಾನಾ?" ಹುಟ್ಟಿದಾಗಿನಿಂದ ಅವಳದೊಂದು ಫೋಟೋ ತೆಗೆದವರಿರಲಿಲ್ಲ. "ನೋಡು, ಮೂಗುತಿ ಕೂಡ ಕಾಣ್ಸುತ್ತೆ! ಯಾವಾಗ ಹಿಡಿದ್ಯಪ್ಪಾ ರಾಮಚಂದ್ರ, ಹೇಳಿದ್ರೆ ಒಳ್ಳೇ ಸೀರೆ ಉಡ್ತಿದ್ನಲ್ಲ." ಅವಳು ಒಬ್ಬೊಬ್ಬರ ಮುಖ ನೋಡಿದಳು.

ಶಾಮಲಮ್ಮ ಅವಳ ಕಿವಿಗೆ ಬಾಯಿಟ್ಟು, "ಅಜ್ಜಿ, ಈ ತಟ್ಟೆಗೊಂದು ದಿಷ್ಟಿ ತೆಗೀರಿ," ಎಂದಳು. ಆ ಮಾತು ಹೇಳುವಾಗ ನಾಲಗೆ ಕಚ್ಚಿಕೊಂಡು ಸತ್ತರೂ ಚೆನ್ನ ಎನಿಸಿತು.

"ಎಲ್ಲಾರ ಎದುರಿಗಾ? ಎಲ್ಲಾರೂ ನೋಡಿದ್ರೆ ಹೋಗಲ್ಲಮ್ಮ."

"ತೆಗೀರಿ ಅಜ್ಜಿ. ನನಗೋಸ್ಕರ."

ಅವಳಿಗೋಸ್ಕರ ಎಂದಮೇಲೆ ಅಜ್ಜಿ ಬಾಗಿದಳು, ಕೈ ನಿವಾಳಿಸಿದಳು. ಥೂ, ಥೂ, ಥೂ. ಸಣ್ಣ ಸಣ್ಣ ಕಂದು ಹನಿಗಳು ಸೊಪ್ಪಿನ ಮೇಲೂ ಬಿಳಿ ಮೈಗಳ ಮೇಲೂ ಬಿದ್ದವು. ಆಮೇಲೆ ಸೊಂಟ ಹಿಡಿದುಕೊಂಡು ನೆಟ್ಟಗಾಗಿ, "ಆಯ್ತು," ಎಂದಳು.

ಎಲ್ಲರೂ ತಟ್ಟೆಯ ಸುತ್ತ ನಿಂತರು. ಹುಳ ಮೇಯುತ್ತಲೇ ಇದ್ದವು. ವೆಂಕಟರತ್ನಮ್ಮ, "ನೋಡಿದ್ರಲ್ಲ," ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಒಂದು ಹುಳ ಮೇವು ಬಿಟ್ಟು ತಲೆ ಎತ್ತಿತು. ಎತ್ತಿದ ತಲೆ ಅತ್ತಿತ್ತ ತೂಗಿತು. ಪಕ್ಕದ್ದೂ ಎತ್ತಿತು. ಮೇಯುವ ಸದ್ದು ಒಂದೊಂದಾಗಿ ನಿಂತು ತಟ್ಟೆ ನಿಶ್ಶಬ್ದವಾಯಿತು. ಮೊದಲಿನದರ ಬಾಯಿಂದ ಹಸಿರು ನೀರು ಸುರಿಯಿತು. ಅದು ಮೈ ತಿರುಚಿ ಮಗ್ಗುಲಿಗೆ ಬಿತ್ತು.

ಚನ್ನರಾಯಪ್ಪ ಗೋಡೆಗೆ ಒರಗಿ ಕೂತ. ಕೋದಂಡರಾಮಪ್ಪ ಹೊರಗೆ ಹೋಗಿ ಜಗಲಿಯ ಮೇಲಿದ್ದ ಗಂಟನ್ನು ತಂದು, ಎಲ್ಲಿಡಬೇಕೆಂದು ತಿಳಿಯದೆ ಎದೆಗೊತ್ತಿ ನಿಂತ. ವೆಂಕಟರತ್ನಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಶಾಮಲಮ್ಮನಿಗೆ ಈ ಮನೆಯಲ್ಲಿ ಇನ್ನು ಯಾರೂ ಹೊರಡು ಎನ್ನುವುದಿಲ್ಲವೆಂದು ಗೊತ್ತಾಯಿತು. ಆದರೆ ಅವಳು ನೋಡುತ್ತಿದ್ದದ್ದು ಅಜ್ಜಿಯ ಮುಖವನ್ನು.

ಅಜ್ಜಿ ತಟ್ಟೆಯ ಮೇಲೆ ಬಾಗಿ ನೋಡಿದಳು. ಬಿದ್ದ ಹುಳವೊಂದನ್ನು ಬೆರಳಿಂದ ತಿರುವಿದಳು. ಕಿವಿ ಮಂದವಾದರೂ ಅರವತ್ತು ವರ್ಷ ಹುಳ ಸಾಕಿದವಳ ಕಣ್ಣು. ಮಗನ ಕಡೆ ನೋಡಿದಳು, ಫೋಟೋ ನೋಡಿದಳು, ಮತ್ತೆ ತಟ್ಟೆ ನೋಡಿದಳು. "ನಾಲ್ಕು ಬೆಳೇನೂ?" ಎಂದು ಕೇಳಿದಳು.

ಅವಳು ತೋರುಬೆರಳನ್ನು ಬಾಯಿಗೆ ಹಾಕಿ, ದವಡೆಯ ಸಂದಿನಿಂದ ಆ ಹೊಗೆಸೊಪ್ಪಿನ ಉಂಡೆಯನ್ನು ತೆಗೆದು ಅಂಗೈಯಲ್ಲಿ ಹಿಡಿದುಕೊಂಡಳು. ಅಂಗಳಕ್ಕೆ ಹೋಗಿ ಬಿಸಾಡಲು ಹೊರಟವಳು ಬಾಗಿಲಲ್ಲಿ ನಿಂತುಬಿಟ್ಟಳು. ಅಂಗಳದಲ್ಲಿ ಸಂಜೆಯ ಮೇವಿಗೆ ಕೊಯ್ದ ಸೊಪ್ಪು ಹರಡಿತ್ತು. ಹಿಂದಿರುಗಿದಳು. ಒಳಗೆ ಹುಳ.

"ಇದನ್ನೆಲ್ಲಿ ಹಾಕ್ಲಿ, ನಾ ತಲ್ಲಿ?" ಎಂದಳು.

ಶಾಮಲಮ್ಮ ಹತ್ತಿರ ಹೋಗಿ ಎರಡೂ ಕೈ ಚಾಚಿದಳು.